ಕಾಗೆಯನ್ನೂ ಬರೆಯಿರಿ: ಕರಾವಳಿಯ ಹಕ್ಕಿ ಗಣತಿಗೆ ಮೊದಲ ಸಲ ಬರುವವರಿಗೆ

ನವರಾತ್ರಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. "ಹಕ್ಕಿ ಗಣತಿಗೆ ನಾನೂ ಬರಬಹುದಾ? ನನಗೆ ಹತ್ತು ಹಕ್ಕಿಗಳ ಹೆಸರೂ ಸರಿಯಾಗಿ ಗೊತ್ತಿಲ್ಲ." "ದೊಡ್ಡ ಕ್ಯಾಮೆರಾ ಇಲ್ಲದಿದ್ದರೆ ನಡೆಯುತ್ತದಾ?" "ಮಗಳಿಗೆ ಒಂಬತ್ತು ವರ್ಷ, ಕರೆದುಕೊಂಡು ಬರಲಾ?" "ಸಿಕ್ಕಿದ್ದನ್ನೆಲ್ಲ ಬರೆಯಬೇಕಾ, ಅಪರೂಪದ್ದು ಮಾತ್ರ ಸಾಕಾ?"

ಮೊದಲ ಮೂರಕ್ಕೆ ಉತ್ತರ ಒಂದೇ: ಧಾರಾಳವಾಗಿ ಬನ್ನಿ. ನಾಲ್ಕನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಿದೆ. ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ. ಗಣತಿ ಎಂದರೆ ಅಪರೂಪದ ಹಕ್ಕಿ ಹುಡುಕುವ ಓಟವಲ್ಲ. ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಯಾವ ಹಕ್ಕಿ ಎಷ್ಟಿತ್ತು ಎಂದು ಪ್ರಾಮಾಣಿಕವಾಗಿ ಬರೆದಿಡುವ ಕೆಲಸ. ಅದರಲ್ಲಿ ಕಾಗೆಗೂ ಒಂದು ಸಾಲು ಉಂಟು.

ಯಾಕೆ ಅಂತ ಕೇಳಿದರೆ ನಮ್ಮ ರಾಜ್ಯಪಕ್ಷಿ ನೀಲಕಂಠವನ್ನೇ ನೋಡಿ. ಕರೆಂಟು ತಂತಿಯ ಮೇಲೆ ಕೂತಿರುವ ಮಾಮೂಲಿ ಹಕ್ಕಿ ಎಂದೇ ಎಲ್ಲರೂ ತಿಳಿದಿದ್ದರು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅವುಗಳ ಪೈಕಿ 14 ಜಾತಿಗಳ ಸ್ಥಿತಿಯನ್ನು ಜಾಗತಿಕ ಮಟ್ಟದಲ್ಲಿ ಮತ್ತೆ ನೋಡಬೇಕು ಎಂದು ಹೇಳಿತು. ನೀಲಕಂಠ ಆ ಹದಿನಾಲ್ಕರಲ್ಲಿ ಒಂದು. ಇದು ಗೊತ್ತಾದದ್ದು ಸುಮಾರು 30 ಸಾವಿರ ಜನ ಹವ್ಯಾಸಿಗಳು ತಮ್ಮ ಊರಿನಲ್ಲಿ ಬರೆದಿಟ್ಟ ಮೂರು ಕೋಟಿಗೂ ಹೆಚ್ಚು ದಾಖಲೆಗಳಿಂದ. "ಮಾಮೂಲಿ ಹಕ್ಕಿ, ಬರೆಯೋದು ಬೇಡ" ಎಂದು ಎಲ್ಲರೂ ಬಿಟ್ಟಿದ್ದರೆ ಅದು ಕಡಿಮೆಯಾಗುತ್ತಿರುವುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಯಾವಾಗ, ಯಾಕೆ ಈಗ

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ವರೆಗೆ ನಮ್ಮ ಕರಾವಳಿಯಲ್ಲಿ ಹಕ್ಕಿಗಳ ಓಡಾಟ ಜೋರು. ಹಿಮಾಲಯ, ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ವಲಸೆ ಹಕ್ಕಿಗಳು ಇಳಿಯುತ್ತವೆ. ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಹೊಳೆ ಬದಿಯ ಕಲ್ಲಿನ ಮೇಲೆ ಬಾಲ ಕುಣಿಸುವ ಕಾಮನ್ ಸ್ಯಾಂಡ್‌ಪೈಪರ್ ಆಗಸ್ಟಿಗೇ ಹಾಜರು. ಕವಲುತೋಕೆ, ಸಿಪಿಲೆಗಳು ಸೆಪ್ಟೆಂಬರ್ ಹೊತ್ತಿಗೆ ಬರತೊಡಗುತ್ತವೆ. ನವರಂಗ ಅಕ್ಟೋಬರ್‌ನಲ್ಲಿ ಬಂದು ಸಂಜೆ ಕತ್ತಲಾಗುವಾಗ ಎರಡು ಸ್ವರದ ಶಿಳ್ಳೆ ಹಾಕುತ್ತದೆ. ಕಡಲಕ್ಕಿಗಳ (ಗಲ್) ದೊಡ್ಡ ಗುಂಪು ನೋಡಲು ನವೆಂಬರ್ ವರೆಗೆ ಕಾಯಬೇಕು.

ದಿನಾಂಕ ಬೇಕಾದವರಿಗೆ: ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್ ನಡೆಸುವ ಜಾಗತಿಕ ಎಣಿಕೆ 'ಅಕ್ಟೋಬರ್ ಬಿಗ್ ಡೇ' 2018ರಿಂದ ನಡೆಯುತ್ತಿದೆ. ಅದು ಸಾಮಾನ್ಯವಾಗಿ ಅಕ್ಟೋಬರ್‌ನ ಎರಡನೇ ಶನಿವಾರ ಬರುತ್ತದೆ. ನವೆಂಬರ್ 12 ಸಲೀಂ ಅಲಿಯವರು ಹುಟ್ಟಿದ ದಿನ. ಅದರ ಆಸುಪಾಸಿನಲ್ಲೂ ಹಕ್ಕಿ ಎಣಿಸುವವರು ಹೊರಡುತ್ತಾರೆ. ಆದರೆ ಈ ದಿನಗಳಿಗಾಗಿಯೇ ಕಾಯಬೇಕೆಂದಿಲ್ಲ. ಸಾದಾ ಮಂಗಳವಾರ ಬೆಳಿಗ್ಗೆ ಮಾಡಿದ ಪಟ್ಟಿಗೂ ಅಷ್ಟೇ ಬೆಲೆ.

ಏನೇನು ಬೇಕು

ಬೈನಾಕ್ಯುಲರ್ ಒಂದಿದ್ದರೆ ಒಳ್ಳೆಯದು. 8×42 ಎಂದು ಬರೆದಿರುವುದನ್ನು ತೆಗೆದುಕೊಳ್ಳಿ. 8 ಎಂದರೆ ಹಕ್ಕಿ ಎಂಟು ಪಟ್ಟು ಹತ್ತಿರ ಕಾಣುತ್ತದೆ. 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಇದಕ್ಕಿಂತ ಜಾಸ್ತಿ ಪಟ್ಟಿನದ್ದು ಹೊಸಬರ ಕೈಯಲ್ಲಿ ನಡುಗುತ್ತದೆ. ಸುಮ್ನೆ ದುಡ್ಡು ಹಾಕಬೇಡಿ. ಗುಂಪಿನಲ್ಲಿ ಬಂದರೆ ಮೂವರಿಗೆ ಒಂದು ಇದ್ದರೂ ಸಾಕು. ಕ್ಯಾಮೆರಾ ಇದ್ದರೆ ತನ್ನಿ, ಇಲ್ಲದಿದ್ದರೆ ಚಿಂತೆಯಿಲ್ಲ.

ಸಣ್ಣ ನೋಟ್‌ಬುಕ್, ಪೆನ್ಸಿಲ್ ಇರಲಿ. ಪೆನ್ನಿನ ಶಾಯಿ ಮಳೆಹನಿಗೆ ಕರಗುತ್ತದೆ. ಫೋನಿನಲ್ಲಿ ಇ-ಬರ್ಡ್ ಆ್ಯಪ್ ಹಾಕಿಕೊಂಡು ಹಿಂದಿನ ದಿನವೇ ಖಾತೆ ತೆರೆದಿಡಿ. ಈ ಪ್ರದೇಶದ ಹಕ್ಕಿ ಪಟ್ಟಿಯನ್ನೂ ಡೌನ್‌ಲೋಡ್ ಮಾಡಿಡಿ. ಅಳಿವೆ ಬದಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಆ್ಯಪ್ ಕೆಲಸ ಮಾಡುತ್ತದೆ. ನೀರು, ಟೊಪ್ಪಿ, ಮಣ್ಣಿನ ಬಣ್ಣದ ಅಥವಾ ಹಸಿರು ಬಟ್ಟೆ ಬೇಕು. ಗದ್ದೆ ಬದುವಿಗೆ ಕಾಲು ಮುಚ್ಚುವ ಶೂ ಹಾಕಿ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ಯುವ ಕಾಲದಲ್ಲಿ ಬದುಗಳಲ್ಲಿ ಇಲಿ ಜಾಸ್ತಿ. ಇಲಿಯ ಹಿಂದೆ ಕೊಳಕುಮಂಡಲವೂ ಇರುತ್ತದೆ.

ಹಂತ 1: ಗುರುತು ಹಿಡಿಯಬಲ್ಲ ಇಪ್ಪತ್ತು ಹಕ್ಕಿ

ಗಣತಿಗೆ ಎರಡು ವಾರ ಮೊದಲೇ ಇದನ್ನು ಶುರುಮಾಡಿ. ನಿಮ್ಮ ಹಿತ್ತಲಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕಾಗೆ (ಕುತ್ತಿಗೆ ಬೂದು ಬಣ್ಣದ್ದಾಗಿದ್ದರೆ ಊರ ಕಾಗೆ, ಪೂರ್ತಿ ಕಪ್ಪಾಗಿ ದಪ್ಪ ಕೊಕ್ಕಿದ್ದರೆ ಕಾಡು ಕಾಗೆ, ಇವು ಎರಡು ಬೇರೆ ಸಾಲು), ಮೈನಾ, ಮಡಿವಾಳ, ಪಿಕಳಾರ, ಸೂರಕ್ಕಿ, ಕಾಜಾಣ, ಕುಟ್ರ, ಕೆಂಬೂತ, ಗದ್ದೆ ಮಿಂಚುಳ್ಳಿ, ಹುಂಡುಕೋಳಿ, ಟಿಟ್ಟಿಭ, ಗೋವಕ್ಕಿ, ಕೊಳದ ಬಕ, ನೀರುಕಾಗೆ, ಗರುಡ, ಹದ್ದು, ಕಳ್ಳಿಪೀರ, ನವಿಲು, ಗಿಳಿ. ಇಷ್ಟು ಗೊತ್ತಿದ್ದರೆ ಬೈಲಿನಲ್ಲಿ ಕಣ್ಣಿಗೆ ಬೀಳುವ ಹಕ್ಕಿಗಳಲ್ಲಿ ಹೆಚ್ಚಿನವು ನಿಮ್ಮ ಕೈಗೆ ಬಂದ ಹಾಗೆ.

ಕಣ್ಣಿನ ಜೊತೆ ಕಿವಿಯನ್ನೂ ಪಳಗಿಸಿ. ಹಸಿರು ತುಂಬಿದ ನಮ್ಮ ತೋಟಗಳಲ್ಲಿ ಹಕ್ಕಿ ಕಾಣುವುದಕ್ಕಿಂತ ಕೇಳುವುದೇ ಜಾಸ್ತಿ. ದಿನಕ್ಕೊಂದು ಸ್ವರ ಕಲಿತರೆ ಸಾಕು. ಇನ್ನೊಂದು ನೆನಪಿರಲಿ: ಕೋಗಿಲೆ ಈ ಕಾಲದಲ್ಲಿ ಹೆಚ್ಚಾಗಿ ಬಾಯಿ ಮುಚ್ಚಿಕೊಂಡಿರುತ್ತದೆ. ಕೂಗು ಕೇಳಲಿಲ್ಲ ಎಂದ ಮಾತ್ರಕ್ಕೆ ಊರು ಬಿಟ್ಟು ಹೋಗಿದೆ ಎಂದಲ್ಲ.

ಹಂತ 2: ಜಾಗ ಆರಿಸಿಕೊಳ್ಳುವುದು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಒಂದೇ ಬೆಳಿಗ್ಗೆ ಮಂಗಳೂರು ಸುತ್ತಮುತ್ತಲಿನ ಪಿಲಿಕುಳ, ಸೋಮೇಶ್ವರ, ಸಸಿಹಿತ್ಲು ಎಲ್ಲ ಮುಗಿಸಬೇಕೆಂದು ಹೊರಡುತ್ತಾರೆ. ಸ್ಕೂಟರಿನ ಮೇಲೆ ಕಳೆದ ಹೊತ್ತೇ ಜಾಸ್ತಿಯಾಗಿ ಎಲ್ಲೂ ಸರಿಯಾಗಿ ನೋಡಿದಂತಾಗುವುದಿಲ್ಲ. ಒಂದು ಬೆಳಿಗ್ಗೆಗೆ ಒಂದು ಜಾಗ, ತಪ್ಪಿದರೆ ಹತ್ತಿರದ ಎರಡು. ಅಷ್ಟೇ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಮತ್ತೆ ಮತ್ತೆ ಹೋಗಲು ಆಗುತ್ತದೆ ಅಲ್ವಾ?

ನಮ್ಮಲ್ಲಿ ಜಾಗಗಳಿಗೆ ಬರವಿಲ್ಲ. ಅವುಗಳ ಸ್ವಭಾವ ಮಾತ್ರ ಬೇರೆ ಬೇರೆ.

ಬೈಲು ಗದ್ದೆ: ಮೊದಲ ಸಲ ಬರುವವರಿಗೆ ನಾನು ಹೇಳುವುದು ಇದನ್ನೇ. ಬಯಲಾಗಿರುವುದರಿಂದ ಹಕ್ಕಿ ಚೆನ್ನಾಗಿ ಕಾಣುತ್ತದೆ. ಬೈಲು ಎಂದರೆ ತೋಡಿನ (ಸಣ್ಣ ತೊರೆಯ) ಬದಿಯ ತಗ್ಗು ಗದ್ದೆ. ಅದಕ್ಕಿಂತ ಮೇಲಿನದ್ದು ಮಜಲು, ಇನ್ನೂ ಮೇಲಿನದ್ದು ಬೆಟ್ಟು. ಮೂರಕ್ಕೂ ಹಾಯುವ ಒಂದು ಹಾದಿ ಸಿಕ್ಕಿದರೆ ಒಂದೇ ನಡಿಗೆಯಲ್ಲಿ ಮೂರು ಬಗೆಯ ಹಕ್ಕಿ ನೋಡಬಹುದು. ಕಟಾವು ನಡೆಯುತ್ತಿದ್ದರೆ ಮೆಷಿನ್ನಿನ ಹಿಂದೆ ಗೋವಕ್ಕಿಗಳ ಸಾಲು ಇರುತ್ತದೆ. ಮೇಲೆ ಗರುಡ ಸುತ್ತುತ್ತಿರುತ್ತದೆ.

ಅಳಿವೆ: ಉಳ್ಳಾಲ ಕೋಟೆಪುರ ಮತ್ತು ಬೆಂಗ್ರೆಯ ನಡುವೆ ನೇತ್ರಾವತಿ, ಫಲ್ಗುಣಿ ಕಡಲು ಸೇರುವ ಜಾಗ. ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ. ಉಡುಪಿ ಕಡೆ ಕೋಡಿ ಬೆಂಗ್ರೆಯಲ್ಲಿ ಸುವರ್ಣ, ಸೀತಾ. ಮರಳ ದಿಬ್ಬ, ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಮೂರೂ ಇರುವಲ್ಲಿ ಹಕ್ಕಿಯೂ ಜಾಸ್ತಿ. ಆದರೆ ಇಲ್ಲಿ ಗಡಿಯಾರಕ್ಕಿಂತ ನೀರಿನ ಏರಿಳಿತ ಮುಖ್ಯ. ನೀರು ಇಳಿದಾಗ ಹಕ್ಕಿಗಳು ಕೆಸರಿನಲ್ಲಿ ಚದುರಿ ಮೇಯುತ್ತವೆ. ಏರಿದಾಗ ಉಳಿದ ಮರಳ ದಿಬ್ಬದ ಮೇಲೆ ಒಟ್ಟಾಗಿ ಕೂರುತ್ತವೆ. ಎಣಿಸಲು ಅದೇ ಒಳ್ಳೆಯ ಹೊತ್ತು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಪ್ರತಿದಿನ ಸುಮಾರು ಮುಕ್ಕಾಲರಿಂದ ಒಂದು ಗಂಟೆ ತಡವಾಗುತ್ತದೆ. ಹಿಂದಿನ ಸಂಜೆ ಅಲ್ಲಿಯ ಮೀನುಗಾರರನ್ನು ಕೇಳಿ. ಅವರಿಗಿಂತ ಚೆನ್ನಾಗಿ ಯಾವ ಆ್ಯಪ್ಪೂ ಹೇಳುವುದಿಲ್ಲ.

ಎಚ್ಚರಿಕೆ: ಅಳಿವೆ ಬಾಗಿಲಲ್ಲಿ ನಡೆದು ಮರಳ ದಿಬ್ಬಕ್ಕೆ ದಾಟಬೇಡಿ. ಹೋಗುವಾಗ ಮೊಣಕಾಲುದ್ದ ಇದ್ದ ನೀರು ಅರ್ಧ ಗಂಟೆಯಲ್ಲಿ ಸೊಂಟಕ್ಕೆ ಬರುತ್ತದೆ, ಸೆಳೆತ ಬೇರೆ. ನಾನು ಒಮ್ಮೆ ಹಕ್ಕಿ ನೋಡುತ್ತಾ ಮೈಮರೆತು, ದೋಣಿಯವರು ಕೂಗಿ ಕರೆದ ಮೇಲೆ ಎಚ್ಚೆತ್ತಿದ್ದೇನೆ. ದಡದಿಂದಲೇ ಎಣಿಸಿ. ಅದರಿಂದ ಹಕ್ಕಿಗಳೂ ಏಳುವುದಿಲ್ಲ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಯನ್ನು ಫೋಟೊಕ್ಕಾಗಿ ಎಬ್ಬಿಸಿ ಓಡಿಸುವುದು ನೋಡಿದರೆ ಹೊಟ್ಟೆಗೆ ಬೆಂಕಿ ಬೀಳುತ್ತದೆ.

ಪದವು: ಮುರಕಲ್ಲಿನ ಬಯಲು ಗುಡ್ಡೆ. ಮಳೆ ಬಿಟ್ಟ ಮೇಲೆ ಹುಲ್ಲು ಒಣಗುವ ಹೊತ್ತಿಗೆ ಇಲ್ಲಿ ನೆಲಹಕ್ಕಿಗಳು ಸಿಗುತ್ತವೆ. ಈ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು ಜಾಸ್ತಿ. ಮೋಡ ಕಟ್ಟುತ್ತಿದ್ದರೆ ಪದವಿನ ಮೇಲೆ ನಿಲ್ಲಬೇಡಿ.

ಮರಗಳಿರುವ ಕಡೆ: ಪಿಲಿಕುಳ, ಮಣಿಪಾಲದ ಮಣ್ಣಪಳ್ಳ ಕೆರೆ ಸುತ್ತಮುತ್ತ, ಊರಿನ ಹಳೆಯ ನಾಗಬನಗಳು. ಬನದೊಳಗೆ ಕಾಲಿಡಬೇಡಿ. ಹೊರಗೆ ದಾರಿಯಲ್ಲಿ ನಿಂತರೂ ಒಳಗಿನ ಸದ್ದು ಚೆನ್ನಾಗಿ ಕೇಳುತ್ತದೆ.

ಬಂದರು: ಮಲ್ಪೆಯಲ್ಲಿ ಮೀನು ಇಳಿಸುವ ಹೊತ್ತಿಗೆ ಹದ್ದು, ಗರುಡ, ಬೆಳ್ಳಕ್ಕಿ ತುಂಬಿರುತ್ತವೆ. ಆದರೆ ದೊಡ್ಡ ಬಂದರು, ವಿಮಾನ ನಿಲ್ದಾಣ, ಕೋಸ್ಟ್ ಗಾರ್ಡ್ ಬೇಲಿಯ ಹತ್ತಿರ ಬೈನಾಕ್ಯುಲರ್, ಕ್ಯಾಮೆರಾ ಎತ್ತಬೇಡಿ. ಹಕ್ಕಿ ನೋಡುತ್ತಿದ್ದೆ ಎಂದು ಕಾವಲುಗಾರರಿಗೆ ವಿವರಿಸುವುದರಲ್ಲೇ ಬೆಳಿಗ್ಗೆ ಹೋಗುತ್ತದೆ.

ಹಂತ 3: ಅನುಮತಿ ಮತ್ತು ಜೊತೆ

ಗದ್ದೆ, ತೋಟ ಯಾರದ್ದೋ ಆಗಿರುತ್ತದೆ. ಮುಂಚಿನ ದಿನ ಹೋಗಿ ಒಂದು ಮಾತು ಹೇಳಿ ಬನ್ನಿ. "ದಾನೆ ತೂವೊಂದುಲ್ಲರ್?" (ಏನು ನೋಡುತ್ತಿದ್ದೀರಿ?) ಎಂದು ಯಾರಾದರೂ ತುಳುವಿನಲ್ಲಿ ಕೇಳಿಯೇ ಕೇಳುತ್ತಾರೆ. "ಪಕ್ಕಿ ಲೆಕ್ಕ ಮಲ್ಪುನೆ" (ಹಕ್ಕಿ ಲೆಕ್ಕ ಮಾಡುವುದು) ಎಂದು ನಗುತ್ತಾ ಹೇಳಿದರೆ ಮುಂದಿನ ಮಾತು ತಾನಾಗಿ ಹೊರಡುತ್ತದೆ. ಬೈನಾಕ್ಯುಲರ್ ಅವರ ಕೈಗೂ ಕೊಡಿ. ಹುಂಡುಕೋಳಿ ಯಾವ ಪೊದೆಯಲ್ಲಿದೆ, ಗೂಬೆ ಯಾವ ಮರದಲ್ಲಿ ಕೂರುತ್ತದೆ ಎನ್ನುವುದು ಅವರಿಗೆ ಗೊತ್ತಿರುತ್ತದೆ.

ಒಂದು ತಂಡಕ್ಕೆ ಮೂರರಿಂದ ಐದು ಜನ ಸಾಕು. ಹತ್ತು ಜನ ಒಟ್ಟಿಗೆ ನಡೆದರೆ ಅದು ಪಿಕ್ನಿಕ್ ಆಗುತ್ತದೆ. ಕೆಲಸ ಹಂಚಿಕೊಳ್ಳಿ: ಒಬ್ಬರು ಬರೆಯಲಿ, ಇಬ್ಬರು ನೋಡಲಿ, ಒಬ್ಬರು ಸದ್ದಿಗೆ ಕಿವಿ ಕೊಡಲಿ. ಮಕ್ಕಳಿಗೆ ಒಂದೇ ಹಕ್ಕಿಯ ಜವಾಬ್ದಾರಿ ಕೊಡಿ. "ಈವತ್ತು ಮಿಂಚುಳ್ಳಿ ಎಲ್ಲ ನಿನ್ನ ಲೆಕ್ಕ" ಎಂದರೆ ಒಂಬತ್ತು ವರ್ಷದವಳು ನಮ್ಮೆಲ್ಲರಿಗಿಂತ ಚುರುಕು.

ಹಂತ 4: ಎಣಿಕೆಯ ಬಗೆ ನಿರ್ಧರಿಸಿ

ಎರಡು ಬಗೆ ಇದೆ. ನಿಂತಲ್ಲೇ ಎಣಿಕೆ: ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನಿಂತು ಸುತ್ತ ಕಂಡದ್ದು, ಕೇಳಿದ್ದು ಬರೆಯುವುದು. ಅಳಿವೆಗೆ, ಕೆರೆಗೆ ಇದು ಸರಿ. ನಡಿಗೆ ಎಣಿಕೆ: ಒಂದು ಹಾದಿಯಲ್ಲಿ ನಿಧಾನವಾಗಿ ನಡೆಯುತ್ತಾ ಬರೆಯುವುದು. ಗದ್ದೆಗೆ, ತೋಟದ ದಾರಿಗೆ ಇದು ಹೊಂದುತ್ತದೆ. ಒಂದು ಪಟ್ಟಿಗೆ ಒಂದೆರಡು ಕಿಲೋಮೀಟರ್ ಒಳಗೆ ಇಟ್ಟುಕೊಳ್ಳಿ. ಉದ್ದವಾದರೆ ಯಾವ ಹಕ್ಕಿ ಯಾವ ಬೈಲಿನದ್ದು ಎನ್ನುವುದು ಕಲಸಿಹೋಗುತ್ತದೆ. ಹೋದ ದಾರಿಯಲ್ಲೇ ವಾಪಸು ಬರುವುದಾದರೆ ಬರುವಾಗ ಹೊಸ ಹಕ್ಕಿಯನ್ನು ಮಾತ್ರ ಸೇರಿಸಿ.

ಬೆಳಿಗ್ಗೆ ಹೊತ್ತೇ ಒಳ್ಳೆಯದು. ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂಕಾಲು ದಾಟಿದ ಮೇಲೆ. ಆರಕ್ಕೆ ಜಾಗ ತಲುಪಿರಿ. ಒಂಬತ್ತರ ಮೇಲೆ ಬಿಸಿಲೇರಿದರೆ ಮರದ ಹಕ್ಕಿಗಳು ಸುಮ್ಮನಾಗುತ್ತವೆ.

ಹಂತ 5: ಎಣಿಸುವುದು

ಇದೇ ಗಣತಿಯ ಜೀವಾಳ. ಸ್ವಲ್ಪ ಸಾವಧಾನವಾಗಿ ಓದಿ.

ಕೋಡಿ ಬೆಂಗ್ರೆಯ ದಡದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಎದುರಿನ ಮರಳ ದಿಬ್ಬದ ಮೇಲೆ ರೀವಗಳು (ಟರ್ನ್ ಹಕ್ಕಿಗಳು) ತುಂಬಿವೆ. ಎಲ್ಲವೂ ಗಾಳಿಗೆ ಎದುರಾಗಿ ಒಂದೇ ಕಡೆ ಮುಖ ಮಾಡಿ ಕೂತಿವೆ. ಒಂದೊಂದಾಗಿ ಎಣಿಸಲು ಹೊರಟರೆ ನಲವತ್ತಕ್ಕೆ ಬರುವಷ್ಟರಲ್ಲಿ ನಾಲ್ಕು ಹಾರಿ ಬೇರೆ ಕಡೆ ಕೂರುತ್ತವೆ, ಲೆಕ್ಕ ತಪ್ಪುತ್ತದೆ. ಹೀಗೆ ಮಾಡಿ. ಎಡ ತುದಿಯಿಂದ ಹತ್ತು ಹಕ್ಕಿ ಎಣಿಸಿ. ಆ ಹತ್ತು ಹಕ್ಕಿ ಬೈನಾಕ್ಯುಲರಿನ ವೃತ್ತದಲ್ಲಿ ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ಕೂರಿಸಿಕೊಳ್ಳಿ. ಅದೇ ಅಳತೆಯನ್ನು ಬಲಕ್ಕೆ ಸರಿಸುತ್ತಾ ಹೋಗಿ: ಹತ್ತು, ಇಪ್ಪತ್ತು, ಮೂವತ್ತು. ದಟ್ಟವಾಗಿರುವಲ್ಲಿ ಅಳತೆ ಸಣ್ಣದಾಗುತ್ತದೆ, ಚದುರಿರುವಲ್ಲಿ ದೊಡ್ಡದಾಗುತ್ತದೆ. ತುದಿ ಮುಟ್ಟಿದ ಮೇಲೆ ಬಲದಿಂದ ಎಡಕ್ಕೆ ಇನ್ನೊಮ್ಮೆ. ಎರಡು ಲೆಕ್ಕ ಹತ್ತಿರ ಬಂದರೆ ನಡುವಿನದ್ದನ್ನು ಬರೆಯಿರಿ. ಮೊದಲು ಒಟ್ಟು ಸಂಖ್ಯೆ, ಆಮೇಲೆ ಜಾತಿ. ದೊಡ್ಡ ಕೆಂಪು ಕೊಕ್ಕಿನದ್ದು ಎಷ್ಟು, ಕಪ್ಪು ಕೊಕ್ಕಿನದ್ದು ಎಷ್ಟು ಎಂದು ಎರಡನೇ ಸುತ್ತಿನಲ್ಲಿ ನೋಡಿ.

ತಂತಿಯ ಮೇಲಿನ ಕವಲುತೋಕೆಗಳನ್ನು ಎರಡು ಕಂಬಗಳ ನಡುವೆ ಎಣಿಸಿ ಕಂಬಗಳ ಲೆಕ್ಕಕ್ಕೆ ಗುಣಿಸಬಹುದು. ಆದರೆ ಎಲ್ಲ ಕಂಬಗಳ ನಡುವೆಯೂ ಅಷ್ಟೇ ಇವೆಯಾ ಎಂದು ನೋಡಿಕೊಂಡು. ಕಟಾವು ಮೆಷಿನ್ನಿನ ಹಿಂದೆ ಹಾರಿ ಕೂರುವ ಗೋವಕ್ಕಿಗಳಿಗೆ ಬೇರೆ ಲೆಕ್ಕ: ಒಂದೇ ಹೊತ್ತಿಗೆ ಅತಿ ಹೆಚ್ಚು ಕಂಡ ಸಂಖ್ಯೆ. ಹದಿನೈದು ಕಂಡು, ಹತ್ತು ನಿಮಿಷದ ಮೇಲೆ ಇಪ್ಪತ್ತಮೂರು ಕಂಡರೆ ಬರೆಯಬೇಕಾದದ್ದು ಇಪ್ಪತ್ತಮೂರು. ಕೂಡಿಸಿ ಮೂವತ್ತೆಂಟು ಎಂದು ಬರೆಯುವುದು ನಾನು ತುಂಬಾ ಸಲ ನೋಡಿದ ತಪ್ಪು.

ಆ್ಯಪ್‌ನಲ್ಲಿ ಸಂಖ್ಯೆಯ ಬದಲು 'ಎಕ್ಸ್' ಹಾಕಬಹುದು. ಎಕ್ಸ್ ಎಂದರೆ ಹಕ್ಕಿ ಇತ್ತು, ಎಷ್ಟೆಂದು ಎಣಿಸಲಿಲ್ಲ ಎಂದು. ದಯವಿಟ್ಟು ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಅಂದಾಜು ಸಂಖ್ಯೆಯೂ ಎಕ್ಸ್‌ಗಿಂತ ಮೇಲು. ಹತ್ತು ವರ್ಷದ ನಂತರ ಹಕ್ಕಿ ಕಡಿಮೆಯಾಯಿತಾ ಎಂದು ನೋಡುವವರಿಗೆ ಎಕ್ಸ್‌ನಿಂದ ಏನೂ ಸಿಗುವುದಿಲ್ಲ.

ನೋಟ್‌ಬುಕ್ಕಿನ ಪುಟ ಹೀಗಿರಲಿ:

ಬೈಲು, ತೋಡಿನ ಬದಿ. 6.32ರಿಂದ 7.10. ಮೋಡ, ಗಾಳಿ ಇಲ್ಲ. ನಡಿಗೆ, 700 ಮೀಟರ್. ಮೂರು ಜನ.
ಊರ ಕಾಗೆ 11. ಕಾಡು ಕಾಗೆ 2. ಗೋವಕ್ಕಿ 23. ಕೊಳದ ಬಕ 4. ಟಿಟ್ಟಿಭ 2. ಗದ್ದೆ ಮಿಂಚುಳ್ಳಿ 3 (ಒಂದು ಸದ್ದು ಮಾತ್ರ). ಕವಲುತೋಕೆ 40, ಅಂದಾಜು. ಗೊತ್ತಾಗದ ಹಸಿರು ಸಣ್ಣ ಹಕ್ಕಿ 1, ಮಾವಿನ ಮರ, 'ಚಿಸ್ಲಿ' ಥರ ಸದ್ದು.

ಕೊನೆಯ ಸಾಲು ನೋಡಿ. ಗೊತ್ತಾಗದ್ದನ್ನೂ ಕಂಡ ಹಾಗೆ ಬರೆದಿದೆ. ಹೆಸರು ಆಮೇಲೆ ಹುಡುಕಬಹುದು. ಬರೆಯದೆ ಬಿಟ್ಟ ಗುರುತು ಮತ್ತೆ ಸಿಗುವುದಿಲ್ಲ.

ಹಂತ 6: ಈ ಕಾಲದ ಮೋಸಗಳು

ಶರತ್ಕಾಲದ ಹಕ್ಕಿಗಳು ಪುಸ್ತಕದ ಚಿತ್ರದ ಹಾಗೆ ಇರುವುದಿಲ್ಲ. ಮದುವೆ ಕಾಲದ ಬಣ್ಣ ಕಳಚಿರುತ್ತದೆ, ಮರಿಗಳು ಬೆಳೆದು ಊರಿಡೀ ತಿರುಗುತ್ತಿರುತ್ತವೆ. ಹೊಸಬರು ಜಾಸ್ತಿ ತಪ್ಪುವುದು ಇವುಗಳಲ್ಲಿ.

ಕಂದು ಗರುಡ: ಬೆಳೆದ ಗರುಡಕ್ಕೆ ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ. ಎಲ್ಲರಿಗೂ ಗೊತ್ತು. ಆದರೆ ಎಳೆಯ ಗರುಡ ಪೂರ್ತಿ ಕಂದು. ಅದನ್ನು ಹದ್ದು ಎಂದು ಬರೆದುಬಿಡುತ್ತಾರೆ. ಬಾಲ ನೋಡಿ. ಹದ್ದಿನ ಬಾಲ ನಡುವೆ ಸೀಳಿದ ಹಾಗೆ ಕವಲು. ಗರುಡದ ಬಾಲ ತುದಿಯಲ್ಲಿ ದುಂಡಗೆ.

ಕೊಳದ ಬಕ: ಬದುವಿನ ಮೇಲೆ ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ಬೆಳ್ಳಗೆ ರೆಕ್ಕೆ. ಕೂತದ್ದೊಂದು ಬಕ, ಹಾರಿದ್ದೊಂದು ಬೆಳ್ಳಕ್ಕಿ ಎಂದು ಒಂದೇ ಹಕ್ಕಿಗೆ ಎರಡು ಸಾಲು ಬೀಳುತ್ತದೆ.

ಬಿಳಿ ಕೊಕ್ಕರೆಗಳು: ಗೋವಕ್ಕಿಯ ಕೇಸರಿ ಬಣ್ಣ ಈಗ ಇರುವುದಿಲ್ಲ. ಕುಳ್ಳು ಕುತ್ತಿಗೆ, ಹಳದಿ ಕೊಕ್ಕು ನೋಡಿ. ಕೊಕ್ಕು ಕಪ್ಪು, ಕಾಲು ಕಪ್ಪು, ಬೆರಳು ಮಾತ್ರ ಹಳದಿಯಾದರೆ ಸಣ್ಣ ಬೆಳ್ಳಕ್ಕಿ. ಕಡಲ ಬಂಡೆಯ ಮೇಲೆ ಬೂದು ಬಣ್ಣದ್ದು ಕಂಡರೆ ಅದು ರೀಫ್ ಹೆರಾನ್. ಅದರಲ್ಲೂ ಬಿಳಿಯವು ಇರುತ್ತವೆ, ಆದ್ದರಿಂದ ಬಂಡೆಯ ಮೇಲಿನ ಬಿಳಿ ಕೊಕ್ಕರೆಯನ್ನು ಅವಸರದಲ್ಲಿ ಬರೆಯಬೇಡಿ.

ಮರದ ತುದಿಯ ಸಣ್ಣ ಹಸಿರು ಹಕ್ಕಿಗಳು: ಗ್ರೀನಿಶ್ ವಾರ್ಬ್ಲರ್, ಗ್ರೀನ್ ವಾರ್ಬ್ಲರ್ ಎರಡೂ ಬರುತ್ತವೆ. ಅನುಭವಿಗಳಿಗೂ ಕಷ್ಟ. ಮರಳಿನ ಮೇಲೆ ಓಡುವ ಸ್ಯಾಂಡ್ ಪ್ಲೋವರ್‌ಗಳ ಕಥೆಯೂ ಅದೇ. ಇಂಥವಕ್ಕಾಗಿ ಆ್ಯಪ್‌ನಲ್ಲಿ 'ಇದು ಅಥವಾ ಅದು' ಎಂಬ ಜೋಡಿ ಸಾಲು ಇದೆ. ನಡುವೆ ಓರೆಗೆರೆ ಹಾಕಿರುವುದರಿಂದ ಹಕ್ಕಿ ನೋಡುವವರು ಅದನ್ನು 'ಸ್ಲ್ಯಾಶ್' ಎನ್ನುತ್ತಾರೆ. ಧೈರ್ಯವಾಗಿ ಅದನ್ನೇ ಬಳಸಿ. ಖಚಿತವಿಲ್ಲದ ಹೆಸರಿಗಿಂತ ಸ್ಲ್ಯಾಶ್ ಎಷ್ಟೋ ಮೇಲು.

ಇನ್ನು ಸದ್ದು ಕೇಳಿ ಹಕ್ಕಿಯ ಹೆಸರು ಹೇಳುವ ಮೆರ್ಲಿನ್ ಆ್ಯಪ್. ಕಲಿಯಲು ಬಹಳ ಒಳ್ಳೆಯ ಗುರು, ನನಗೂ ತುಂಬಾ ಕಲಿಸಿದೆ. ಆದರೆ ಅದು ತೋರಿಸಿದ ಹೆಸರನ್ನು ಹಾಗೆಯೇ ಪಟ್ಟಿಗೆ ಇಳಿಸಬೇಡಿ. ನಮ್ಮಲ್ಲಿ ಭೀಮರಾಜ ಎಂಬ ಉದ್ದ ಬಾಲದ ಕಾಜಾಣ ಇದೆ. ಬೇರೆ ಹಕ್ಕಿಗಳ ಸ್ವರವನ್ನು ತದ್ರೂಪು ಕೂಗುತ್ತದೆ. ಒಂದೇ ಭೀಮರಾಜ ಕೂತ ಮರದ ಕೆಳಗೆ ಆ್ಯಪ್ ನಾಲ್ಕು ಹಕ್ಕಿಯ ಹೆಸರು ಹೇಳಿದರೆ ಅಚ್ಚರಿಯಿಲ್ಲ. ಆ್ಯಪ್ ಹೇಳಿದ ಮೇಲೆ ನಿಮ್ಮ ಕಿವಿ ಒಪ್ಪಬೇಕು ಅಥವಾ ಕಣ್ಣು ನೋಡಬೇಕು. ಆಗ ಮಾತ್ರ ಬರೆಯಿರಿ.

ಹಂತ 7: ಮಾಡಬಾರದ್ದು

ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬಾರದು. ತನ್ನ ಜಾಗಕ್ಕೆ ಬೇರೆಯವನು ಬಂದನೆಂದು ಅದು ಮೇವು ಬಿಟ್ಟು ಹುಡುಕಾಡುತ್ತದೆ. ಪೊದೆಗೆ ಕಲ್ಲೆಸೆಯುವುದು, ಚಪ್ಪಾಳೆ ತಟ್ಟಿ ಎಬ್ಬಿಸುವುದು ಕೂಡದು. ಗೂಡು ಕಂಡರೆ ಫೋಟೊ ಬೇಡ, ದೂರ ಸರಿಯಿರಿ. ಬಿಳಿಹೊಟ್ಟೆಯ ಕಡಲ ಹದ್ದು ಈ ತಿಂಗಳುಗಳಲ್ಲೇ ಎತ್ತರದ ಮರಗಳಲ್ಲಿ ಗೂಡಿನ ಕೆಲಸಕ್ಕೆ ಇಳಿಯುತ್ತದೆ. ಅದರ ಮರ ಯಾವುದೆಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಗೂಡು, ಮೊಟ್ಟೆ ಮುಟ್ಟುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ಮೀನುಬಲೆ) ಎಳೆಯುವಲ್ಲಿ ಹಕ್ಕಿ ಚೆನ್ನಾಗಿ ಸಿಗುತ್ತದೆ. ಬಲೆ ದಾಟಬೇಡಿ, ಎಳೆಯುವವರ ದಾರಿಗೆ ಅಡ್ಡ ನಿಲ್ಲಬೇಡಿ.

ಹಂತ 8: ಪಟ್ಟಿ ಕಳಿಸುವುದು

ಸಾಧ್ಯವಾದರೆ ಜಾಗ ಬಿಡುವ ಮೊದಲೇ ಮುಗಿಸಿ. ಮನೆಗೆ ಹೋಗಿ ತಿಂಡಿ ತಿಂದು ಕೂತರೆ ಸಂಖ್ಯೆಗಳು ಮಸುಕಾಗುತ್ತವೆ.

ಮೊದಲು ಜಾಗದ ಗುರುತು ಸರಿ ಇದೆಯೇ ನೋಡಿ. ಲೊಕೇಶನ್ ಆಫ್ ಇಟ್ಟು, ಮನೆಯಿಂದ ಪಟ್ಟಿ ಕಳಿಸಿದಾಗ ಕಡಲ ರೀವಗಳೆಲ್ಲ ಮಂಗಳೂರು ಪೇಟೆಯೊಳಗಿನ ಕದ್ರಿಯ ಫ್ಲ್ಯಾಟಿನ ಮೇಲೆ ದಾಖಲಾದದ್ದುಂಟು. ಎರಡು ಜಾಗಕ್ಕೆ ಹೋಗಿದ್ದರೆ ಎರಡು ಪಟ್ಟಿ. ಗದ್ದೆಯದ್ದನ್ನೂ ಬೀಚಿನದ್ದನ್ನೂ ಒಂದರಲ್ಲಿ ತುರುಕಬೇಡಿ.

ಕೊನೆಯಲ್ಲಿ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ಇದು ಪೂರ್ಣ ಪಟ್ಟಿಯೇ? ಇದನ್ನು ತುಂಬಾ ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿದ್ದ ಎಲ್ಲ ಹಕ್ಕಿಯನ್ನೂ ಕಂಡಿರಾ ಎಂದಲ್ಲ, ಅದು ಯಾರಿಂದಲೂ ಆಗದು. ನೀವು ಗುರುತಿಸಿದ್ದರಲ್ಲಿ ಯಾವುದನ್ನೂ ಬೇಕೆಂದು ಬಿಟ್ಟಿಲ್ಲ ತಾನೇ ಎಂದು. ಕಾಗೆ, ಮೈನಾ ಎಲ್ಲ ಸೇರಿಸಿದ್ದರೆ 'ಹೌದು' ಎನ್ನಿ. ಹೌದು ಎಂದಾಗ ಪಟ್ಟಿಯಲ್ಲಿ ಇಲ್ಲದ ಹಕ್ಕಿಗೂ ಅರ್ಥ ಬರುತ್ತದೆ. 38 ನಿಮಿಷ ನಡೆದರೂ ಗುಬ್ಬಚ್ಚಿ ಕಾಣಲಿಲ್ಲ ಎನ್ನುವುದೂ ಒಂದು ಮಾಹಿತಿ. ನವಿಲು, ಗರುಡ ಮಾತ್ರ ಬರೆದು ಉಳಿದದ್ದು ಬಿಟ್ಟಿದ್ದರೆ 'ಇಲ್ಲ' ಎನ್ನಿ.

ತಂಡದಲ್ಲಿ ಒಬ್ಬರೇ ಪಟ್ಟಿ ಕಳಿಸಿ, ಉಳಿದವರಿಗೆ ಆ್ಯಪ್‌ನಲ್ಲೇ ಹಂಚಬೇಕು. ಐವರೂ ಬೇರೆ ಬೇರೆ ಕಳಿಸಿದರೆ 23 ಗೋವಕ್ಕಿ 115 ಆಗುತ್ತದೆ.

ಕೆಲವು ದಿನಗಳ ಮೇಲೆ ನಿಮಗೊಂದು ಇಮೇಲ್ ಬರಬಹುದು: "ಈ ಹಕ್ಕಿಯ ಬಗ್ಗೆ ಸ್ವಲ್ಪ ವಿವರ ಕೊಡುತ್ತೀರಾ?" ಇದು ನಿಮ್ಮ ಮೇಲಿನ ಅನುಮಾನವಲ್ಲ. ಈ ಕಾಲಕ್ಕೆ ಅಪರೂಪದ ಹೆಸರು ಅಥವಾ ದೊಡ್ಡ ಸಂಖ್ಯೆ ಬಂದಾಗ ಸ್ವಯಂಸೇವಕ ಪರಿಶೀಲಕರು ಎಲ್ಲರನ್ನೂ ಕೇಳುತ್ತಾರೆ. ಕಂಡದ್ದನ್ನು ಕಂಡಂತೆ ಬರೆಯಿರಿ, ಫೋಟೊ ಇದ್ದರೆ ಸೇರಿಸಿ. ತಪ್ಪಾಗಿದ್ದರೆ ತಿದ್ದಿ. ಬೇಸರ ಮಾಡಿಕೊಂಡು ಗಣತಿಯನ್ನೇ ಬಿಟ್ಟ ಒಳ್ಳೆಯ ಗೆಳೆಯರಿದ್ದಾರೆ. ಹಾಗೆ ಮಾಡಬೇಡಿ.

ಮುಂದಿನ ಸಲ

ಅದೇ ಹಾದಿ, ಅದೇ ಹೊತ್ತು, ತಿಂಗಳಿಗೊಮ್ಮೆ. ನವೆಂಬರ್‌ನಲ್ಲಿ ಹೋದಾಗ ಏಣೆಲು ಕೊಯ್ದು ಗದ್ದೆ ಬೋಳಾಗಿರುತ್ತದೆ, ಕೂಳೆಗಳ ನಡುವೆ ಹಳದಿ ಸಿಪಿಲೆಗಳು ಓಡಾಡುತ್ತಿರುತ್ತವೆ. ಅಕ್ಟೋಬರ್‌ನಲ್ಲಿ 23 ಇದ್ದ ಗೋವಕ್ಕಿ ಎಷ್ಟಾಗಿದೆ ನೋಡಿ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ಇರುತ್ತದೆ, 1987ರಿಂದ ನಡೆದುಬಂದದ್ದು. ಅಷ್ಟರಲ್ಲಿ ಅಳಿವೆಗೆ ಕಡಲಕ್ಕಿಗಳೂ ಬಂದಿರುತ್ತವೆ. ಈಗ ಹತ್ತರ ಲೆಕ್ಕದಲ್ಲಿ ಗುಂಪು ಎಣಿಸಿ ಕೈ ಪಳಗಿಸಿಕೊಂಡವರು ಆಗ ನಮಗೆ ಬೇಕು. ನೋಟ್‌ಬುಕ್ಕಿನ ಹಳೆಯ ಪುಟ ಹರಿಯದೆ ಇಟ್ಟುಕೊಂಡು ಬನ್ನಿ.